ಎಣಿಕೆ, ಬೀಗ, ಕಾಗದ: ನಮ್ಮ ಜೈಲುಗಳು ನಡೆಯುವ ಬಗೆ

"ಜೈಲಿನಲ್ಲಿ ಹಗಲು ಒಂದು ದಿನ, ರಾತ್ರಿ ಒಂದು ದಿನ ಅಂತ ಲೆಕ್ಕ ಹಾಕ್ತಾರಂತೆ. ಹದಿನಾಲ್ಕು ವರ್ಷದ ಜೀವಾವಧಿ ಏಳೇ ವರ್ಷಕ್ಕೆ ಮುಗಿದುಹೋಗುತ್ತಂತೆ."

ಅರಳಿಕಟ್ಟೆಯಿಂದ ಹಿಡಿದು ಬಸ್ಸಿನ ಸೀಟಿನವರೆಗೆ ಈ ಮಾತನ್ನು ಎಷ್ಟು ಕಡೆ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರ ದನಿಯಲ್ಲಿ ಚೂರೂ ಅನುಮಾನ ಇರುವುದಿಲ್ಲ. ಆದರೆ ಮಾತು ಎರಡು ಕಡೆ ತಪ್ಪಿದೆ. ದಿನ ಅಂದರೆ ಜೈಲಿನಲ್ಲೂ ಇಪ್ಪತ್ನಾಲ್ಕು ಗಂಟೆಯೇ. ಜೀವಾವಧಿ ಅಂದರೆ ಜೀವ ಇರುವವರೆಗೆ. ಮತ್ತೆ ಈ ಹದಿನಾಲ್ಕು ಎಲ್ಲಿಂದ ಬಂತು? ಕೊಲೆಯಂಥ, ಗಲ್ಲು ಶಿಕ್ಷೆಗೂ ಅವಕಾಶವಿರುವ ಅಪರಾಧಕ್ಕೆ ಜೀವಾವಧಿ ಆದವರನ್ನು ಸರ್ಕಾರ ಮಾಫಿ ಕೊಟ್ಟು ಬಿಡಬೇಕಾದರೂ, ಕನಿಷ್ಠ ಹದಿನಾಲ್ಕು ವರ್ಷ ಅವರು ಒಳಗೇ ಇರಬೇಕು ಎಂದು ಕಾನೂನು ಹೇಳುತ್ತದೆ. ಹದಿನಾಲ್ಕು ತುಂಬಿದ ಮೇಲೆ ಅರ್ಜಿ ಹಾಕಬಹುದು, ಅಷ್ಟೆ. ಬಿಡಲೇಬೇಕು ಅಂತೇನೂ ಇಲ್ಲ.

ಇಂಥ ತಪ್ಪು ಲೆಕ್ಕ ಹಬ್ಬುವುದಕ್ಕೆ ಕಾರಣವಿದೆ. ಜೈಲಿನ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಸಿನಿಮಾದ್ದು, ಇಲ್ಲಾಂದ್ರೆ ಟಿವಿಯಲ್ಲಿ ಕಾಣುವ ಗೇಟಿನದ್ದು. ಗೇಟಿನ ಆಚೆ ಏನು ನಡೆಯುತ್ತದೆ, ಅದನ್ನು ಯಾರು ನಡೆಸುತ್ತಾರೆ, ಯಾರನ್ನು ಎಲ್ಲಿ ಇಡಬೇಕು ಎಂದು ಯಾರು ತೀರ್ಮಾನಿಸುತ್ತಾರೆ ಎನ್ನುವುದು ಮನೆಯವರೊಬ್ಬರು ಒಳಗೆ ಹೋಗುವ ತನಕ ಯಾರಿಗೂ ಬೇಕಾಗುವುದಿಲ್ಲ.

ದೇಶದ ಜೈಲು ಇಲಾಖೆ ಎಲ್ಲಿದೆ?

ಸಿಂಗಪುರದಲ್ಲಿ, ನಾರ್ವೆಯಲ್ಲಿ ಇಡೀ ದೇಶಕ್ಕೆ ಒಂದು ಜೈಲು ಸೇವೆ ಇದೆ. ಒಬ್ಬರು ಮುಖ್ಯಸ್ಥರು, ಒಂದು ನಿಯಮ. ಭಾರತದಲ್ಲಿ ಅಂಥದ್ದನ್ನು ಹುಡುಕಿದರೆ ಸಿಗುವುದಿಲ್ಲ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೇಂದ್ರದ ಕೆಲಸ ಯಾವುದು, ರಾಜ್ಯದ ಕೆಲಸ ಯಾವುದು ಎಂದು ಪಾಲು ಹಂಚಿದ್ದಾರಲ್ಲ, ಅದರಲ್ಲಿ ಜೈಲು ಇರುವುದು ರಾಜ್ಯ ಪಟ್ಟಿಯ ನಾಲ್ಕನೇ ನಮೂದಿನಲ್ಲಿ. ಹಾಗಾಗಿ ಪ್ರತಿ ರಾಜ್ಯಕ್ಕೂ ಅದರದ್ದೇ ಇಲಾಖೆ, ಅದರದ್ದೇ ಕೈಪಿಡಿ, ಅದರದ್ದೇ ಸಂಬಳದ ಪಟ್ಟಿ. ನಮ್ಮಲ್ಲಿ ಅದರ ಹೆಸರು ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಇಲಾಖೆ. ಅದು ಗೃಹ ಇಲಾಖೆಯ ಕೆಳಗೆ ಬರುತ್ತದೆ.

ಇದರ ಪರಿಣಾಮ ತಮಾಷೆಯಾಗಿದೆ. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿರುವ ಸಜಾ ಕೈದಿಯೊಬ್ಬನ ಮನೆ ಕೊಲ್ಹಾಪುರದಲ್ಲಿದೆ ಎಂದುಕೊಳ್ಳಿ. ಬಸ್ಸಿಗೆ ಎರಡು–ಮೂರು ಗಂಟೆಯ ದಾರಿ. ಆದರೂ ಅವನನ್ನು ಅಲ್ಲಿನ ಜೈಲಿಗೆ ಕಳಿಸಬೇಕಾದರೆ ಎರಡು ರಾಜ್ಯ ಸರ್ಕಾರಗಳು ಒಪ್ಪಬೇಕು. ಅದಕ್ಕೆಂದೇ 1950ರಲ್ಲಿ ಒಂದು ಕಾನೂನು ಮಾಡಿದ್ದಾರೆ. ಇನ್ನೊಂದು ಕಡೆ, ಸಿಬಿಐ ಅಥವಾ ಎನ್ಐಎ ಹಿಡಿದ ಆರೋಪಿಯೂ ಕೊನೆಗೆ ಹೋಗಿ ಸೇರುವುದು ಯಾವುದೋ ರಾಜ್ಯದ ಜೈಲನ್ನೇ. ಹಿಡಿಯುವುದು ಕೇಂದ್ರ, ಅನ್ನ ಹಾಕುವುದು ರಾಜ್ಯ.

ಹಾಗಾದರೆ ಕೇಂದ್ರ ಏನು ಮಾಡುತ್ತದೆ? ಮಾದರಿ ಹಾಕಿಕೊಡುತ್ತದೆ, ಲೆಕ್ಕ ಇಡುತ್ತದೆ, ಆಗಾಗ ದುಡ್ಡು ಕೊಡುತ್ತದೆ. 2003ರಲ್ಲಿ ಒಂದು ಮಾದರಿ ಕೈಪಿಡಿ, 2016ರಲ್ಲಿ ಇನ್ನೊಂದು, 2023ರಲ್ಲಿ ಒಂದು ಮಾದರಿ ಕಾನೂನು ಬಂತು. ಮಾದರಿ ಅಂದರೆ ಮಾದರಿಯೇ. ಒಪ್ಪುವುದು ಬಿಡುವುದು ರಾಜ್ಯಕ್ಕೆ ಬಿಟ್ಟದ್ದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರ್ಷವರ್ಷವೂ ಎಲ್ಲ ಜೈಲುಗಳ ಅಂಕಿ ಅಂಶ ತೆಗೆಯುತ್ತದೆ. ರಾಷ್ಟ್ರೀಯ ಮಾಹಿತಿ ಕೇಂದ್ರದವರು ಮಾಡಿದ ಇ-ಪ್ರಿಸನ್ಸ್ ಎಂಬ ತಂತ್ರಾಂಶ ಜೈಲುಗಳನ್ನು ಪೊಲೀಸ್ ಮತ್ತು ಕೋರ್ಟಿನ ಕಂಪ್ಯೂಟರ್‌ಗಳಿಗೆ ಜೋಡಿಸುತ್ತದೆ. ಭೇಟಿಗೆ ಆನ್‌ಲೈನ್‌ನಲ್ಲಿ ಹೆಸರು ಬರೆಸುವ ಇ-ಮುಲಾಖತ್ ಅದರದ್ದೇ ಭಾಗ.

ಇದನ್ನೆಲ್ಲ ಒಂದೇ ಸೂರಿನಡಿ ತರಬೇಕು ಎಂದು ಯಾರೂ ಹೇಳಲಿಲ್ಲ ಎಂದಲ್ಲ. ನ್ಯಾಯಮೂರ್ತಿ ಎ.ಎನ್. ಮುಲ್ಲಾ ಅವರ ಸಮಿತಿ 1983ರಲ್ಲಿ ಕೊಟ್ಟ ವರದಿಯಲ್ಲಿ ಇದನ್ನೇ ಕೇಳಿತ್ತು. ಜೈಲನ್ನು ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ತನ್ನಿ, ಐಎಎಸ್, ಐಪಿಎಸ್ ಇದ್ದ ಹಾಗೆ ಜೈಲಿಗೂ ಒಂದು ಅಖಿಲ ಭಾರತ ಸೇವೆ ಮಾಡಿ, ಒಂದು ರಾಷ್ಟ್ರೀಯ ಆಯೋಗ ಇಡಿ ಎಂದಿತ್ತು. ನಾಲ್ಕು ದಶಕ ದಾಟಿತು. ಜೈಲು ಇವತ್ತಿಗೂ ರಾಜ್ಯ ಪಟ್ಟಿಯಲ್ಲೇ ಇದೆ.

ಇಷ್ಟು ಬೇರೆ ಬೇರೆ ಇಲಾಖೆಗಳಿದ್ದರೂ ಕಾಶ್ಮೀರದ ಜೈಲು, ಕನ್ಯಾಕುಮಾರಿಯ ಜೈಲು ಒಂದೇ ಥರ ಕಾಣುವುದು ಹೇಗೆ? ಎಲ್ಲವೂ ಒಂದೇ ಅಚ್ಚಿನಿಂದ ಬಂದವು. ಆ ಅಚ್ಚು ಬ್ರಿಟಿಷರು 1894ರಲ್ಲಿ ಮಾಡಿದ ಕಾರಾಗೃಹ ಕಾಯ್ದೆ. ಕೈದಿ ತಪ್ಪಿಸಿಕೊಳ್ಳಬಾರದು, ಶಿಸ್ತು ಮುರಿಯಬಾರದು ಎಂಬುದೇ ಅದರ ಚಿಂತೆ. ತಪ್ಪು ಮಾಡಿದರೆ ಕೋಳ, ಛಡಿ ಏಟು ಎಲ್ಲವೂ ಮೂಲದಲ್ಲಿ ಇದ್ದವು. ಮನುಷ್ಯ ಸುಧಾರಿಸಬೇಕು ಎಂಬ ಮಾತು ಸರ್ಕಾರದ ಬಾಯಲ್ಲಿ ಗಟ್ಟಿಯಾಗಿ ಬಂದದ್ದು ಅದಾದ ಮೇಲೆ, 1919–20ರ ಜೈಲು ಸಮಿತಿಯ ವರದಿಯಲ್ಲಿ. ಕರ್ನಾಟಕ 1963ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು, 2021ರಲ್ಲಿ ಹೊಸ ಕೈಪಿಡಿ ತಂದಿತು. ಆದರೂ ಎಲುಬು ಹಳೆಯದೇ.

ಆ ಎಲುಬು ಕಣ್ಣಾರೆ ನೋಡಬೇಕೆಂದರೆ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೋಗಿ. ಅದು ಹಳೆಯ ಸೆಂಟ್ರಲ್ ಜೈಲು. 1975ರ ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಇದ್ದದ್ದು ಅಲ್ಲೇ. ಕೈದಿಗಳೆಲ್ಲ ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ ಅದನ್ನು ಪಾರ್ಕು ಮಾಡಿದರು. ನಡುವೆ ನಿಂತ ಕಾವಲು ಗೋಪುರ ಇನ್ನೂ ಇದೆ. ಒಬ್ಬ ಕಾವಲುಗಾರ ಮೇಲೆ ನಿಂತರೆ ಸುತ್ತ ಎಲ್ಲ ಕಡೆ ಕಣ್ಣು ಹಾಯಬೇಕು, ಅಷ್ಟೇ ಆ ಕಟ್ಟಡದ ಯೋಚನೆ.

ಬೇರ್ಪಡಿಸುವ ಕಲೆ

ಜೈಲಿನ ವ್ಯವಸ್ಥೆಯನ್ನು ಒಂದೇ ಮಾತಿನಲ್ಲಿ ಹೇಳು ಅಂದರೆ, 'ಬೇರ್ಪಡಿಸುವುದು' ಎನ್ನುತ್ತೇನೆ. 1894ರ ಕಾಯ್ದೆಯ 27ನೇ ಕಲಂ ಇದನ್ನು ಹೇಳುತ್ತದೆ. ಹೆಂಗಸರು ಗಂಡಸರಿಂದ ಬೇರೆ, ಹುಡುಗರು ದೊಡ್ಡವರಿಂದ ಬೇರೆ, ವಿಚಾರಣೆಯಲ್ಲಿರುವವರು ಶಿಕ್ಷೆಯಾದವರಿಂದ ಬೇರೆ, ಸಾಲದಂಥ ಸಿವಿಲ್ ವ್ಯಾಜ್ಯದಲ್ಲಿ ಬಂದವರು ಕ್ರಿಮಿನಲ್ ಕೇಸಿನವರಿಂದ ಬೇರೆ.

ಈ ಬೇರ್ಪಡಿಕೆಯ ಮೊದಲ ಹಂತ ಕಟ್ಟಡದಲ್ಲೇ ಇದೆ. ಮೇಲೆ ಸೆಂಟ್ರಲ್ ಜೈಲು. ಸಾಮಾನ್ಯವಾಗಿ ಎರಡು ವರ್ಷಕ್ಕಿಂತ ಜಾಸ್ತಿ ಶಿಕ್ಷೆಯಾದವರು ಇಲ್ಲಿ. ಆಸ್ಪತ್ರೆ, ಕೈಮಗ್ಗ, ಬಡಗಿ ಕೆಲಸದ ಶೆಡ್ಡು, ಬೇಕರಿ, ಶಾಲೆ ಇಂಥವು ಇರುವುದು ಹೆಚ್ಚಾಗಿ ಇಂಥ ದೊಡ್ಡ ಜೈಲುಗಳಲ್ಲೇ. ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ, ಬಳ್ಳಾರಿ, ವಿಜಯಪುರ, ಧಾರವಾಡ, ಶಿವಮೊಗ್ಗದವು ನಮ್ಮ ಸೆಂಟ್ರಲ್ ಜೈಲುಗಳು. ಗಲ್ಲು ಶಿಕ್ಷೆಯಾದವರನ್ನು ಇಡುವುದು ಹಿಂಡಲಗಾದಲ್ಲಿ. ಅದರ ಕೆಳಗೆ ಜಿಲ್ಲಾ ಜೈಲು. ಇನ್ನೂ ಕೆಳಗೆ ತಾಲ್ಲೂಕು ಮಟ್ಟದ ಸಬ್‌ಜೈಲು. ನಮ್ಮ ಕೆಲವು ತಾಲ್ಲೂಕುಗಳಲ್ಲಿ ತಹಶೀಲ್ದಾರರೇ ಸಬ್‌ಜೈಲನ್ನೂ ನೋಡಿಕೊಳ್ಳುತ್ತಿದ್ದ ಕಾಲ ಇತ್ತು. ಪಹಣಿಯೂ ಅವರದ್ದೇ, ಬೀಗದ ಕೈಯೂ ಅವರದ್ದೇ.

2022ರ ಡಿಸೆಂಬರ್ ಕೊನೆಗೆ ದೇಶದಲ್ಲಿ ಒಟ್ಟು 1,330 ಜೈಲುಗಳಿದ್ದವು. ಅದರಲ್ಲಿ ಸೆಂಟ್ರಲ್ ಜೈಲು 148, ಜಿಲ್ಲಾ ಜೈಲು 428. ಸಬ್‌ಜೈಲುಗಳೇ 570ಕ್ಕೂ ಜಾಸ್ತಿ. ಹೆಂಗಸರಿಗೆಂದೇ ಇದ್ದ ಜೈಲು ಬರೀ 34. ಅಂದರೆ ಹೆಚ್ಚಿನ ಹೆಂಗಸರು ಇರುವುದು ಗಂಡಸರ ಜೈಲಿನ ಒಳಗೆ ಗೋಡೆ ಕಟ್ಟಿ ಬೇರೆ ಮಾಡಿದ ಒಂದು ಮೂಲೆಯಲ್ಲಿ. ಆಸ್ಪತ್ರೆ, ಗ್ರಂಥಾಲಯ, ಕೆಲಸದ ಶೆಡ್ಡು ಎಲ್ಲ ಗೋಡೆಯ ಆ ಕಡೆ. ಆರು ವರ್ಷದೊಳಗಿನ ಮಕ್ಕಳನ್ನು ತಾಯಿ ತನ್ನ ಜೊತೆ ಇಟ್ಟುಕೊಳ್ಳಬಹುದು. ಆ ದಿನದ ಲೆಕ್ಕದಲ್ಲಿ 1,537 ತಾಯಂದಿರ ಜೊತೆ 1,764 ಮಕ್ಕಳು ಜೈಲಿನಲ್ಲಿದ್ದರು. ಈ ಮಕ್ಕಳ ಮೇಲೆ ಯಾವ ಕೇಸೂ ಇಲ್ಲ.

ಹದಿನೆಂಟು ತುಂಬದವರು ಇಲ್ಲಿಗೆ ಬರುವ ಹಾಗೇ ಇಲ್ಲ. ಅವರದ್ದು ಬಾಲನ್ಯಾಯ ಕಾಯ್ದೆಯ ಬೇರೆ ದಾರಿ, ಬೇರೆ ಇಲಾಖೆ. ಅದಕ್ಕೆ ಮುಂಚೆ ಹರೆಯದವರಿಗೆ ಬೋರ್ಸ್ಟಲ್ ಶಾಲೆ ಎಂಬುದಿತ್ತು. ಧಾರವಾಡದಲ್ಲಿ ಬ್ರಿಟಿಷರ ಕಾಲದ್ದೊಂದು ಇತ್ತು, ಹಳಬರಿಗೆ ನೆನಪಿರಬಹುದು.

ಬೇರ್ಪಡಿಕೆಯಲ್ಲಿ ಒಂದು ಕೊಳಕೂ ಇತ್ತು. ಅಡುಗೆಗೆ ಇಂಥ ಜಾತಿಯವರು, ಗುಡಿಸಿ ಕಕ್ಕಸು ತೊಳೆಯಲು ಇಂಥ ಜಾತಿಯವರು ಎಂದು ಎಷ್ಟೋ ರಾಜ್ಯಗಳ ಕೈಪಿಡಿಯಲ್ಲೇ ಬರೆದಿತ್ತು. ಊರಿನ ಕೇರಿಯನ್ನು ಜೈಲಿನೊಳಗೆ ಹಾಗೇ ನೆಟ್ಟಿದ್ದರು. ಪತ್ರಕರ್ತೆ ಸುಕನ್ಯಾ ಶಾಂತಾ ಇದನ್ನು ಸುಪ್ರೀಂ ಕೋರ್ಟಿಗೆ ಒಯ್ದರು. 2024ರ ಅಕ್ಟೋಬರ್ 3ರಂದು ಕೋರ್ಟು ಅಂಥ ನಿಯಮಗಳನ್ನೆಲ್ಲ ಹೊಡೆದುಹಾಕಿತು. ಕೈಪಿಡಿಗಳನ್ನು ಮೂರು ತಿಂಗಳಲ್ಲಿ ತಿದ್ದಿ, ಕೈದಿಗಳ ರಿಜಿಸ್ಟರಿನಲ್ಲಿ ಜಾತಿಯ ಕಾಲಂ ತೆಗೆಯಿರಿ ಎಂದಿತು. ಸ್ವಾತಂತ್ರ್ಯ ಬಂದು 77 ವರ್ಷದ ಮೇಲೆ.

ಠಾಣೆ ಬೇರೆ, ಜೈಲು ಬೇರೆ

ಇಲ್ಲಿ ಒಂದು ಗೊಂದಲ ಬಿಡಿಸಿಬಿಡೋಣ. ಪೊಲೀಸ್ ಠಾಣೆಯ ಲಾಕಪ್ಪು ಜೈಲಲ್ಲ. ಯಾರನ್ನಾದರೂ ಹಿಡಿದರೆ ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅವರು 'ಪೊಲೀಸ್ ವಶಕ್ಕೆ' ಎಂದರೆ ಮತ್ತೆ ಠಾಣೆಗೆ, ವಿಚಾರಣೆಗೆ. ಅದು ಒಟ್ಟು ಹದಿನೈದು ದಿನ ಮೀರುವಂತಿಲ್ಲ. 'ನ್ಯಾಯಾಂಗ ಬಂಧನ' ಎಂದರೆ ಜೈಲಿಗೆ. ಈ ಎರಡನೆಯದರಲ್ಲಿ ಪೊಲೀಸರ ಕೈ ಬಿಟ್ಟಿತು, ಇನ್ನು ಆ ಮನುಷ್ಯ ಕೋರ್ಟಿನ ಸ್ವತ್ತು. ಜೈಲು ಅವನನ್ನು ಕೋರ್ಟಿನ ಪರವಾಗಿ ಇಟ್ಟುಕೊಂಡಿರುತ್ತದೆ, ಅಷ್ಟೆ.

ಹಾಗಾಗಿಯೇ ಜೈಲು ಅಧೀಕ್ಷಕರಿಗೆ ಎಷ್ಟೇ ಅಧಿಕಾರ ಇದ್ದರೂ, ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊರಗೆ ಕಳಿಸಬೇಕು ಎಂಬುದು ಅವರ ಕೈಯಲ್ಲಿಲ್ಲ. ಅದನ್ನು ತೀರ್ಮಾನಿಸುವುದು ಕಾಗದ. ವಾರಂಟ್ ಇಲ್ಲದೆ ಒಬ್ಬನೂ ಒಳಗೆ ಹೋಗುವಂತಿಲ್ಲ, ಬಿಡುಗಡೆ ಆದೇಶ ಇಲ್ಲದೆ ಒಬ್ಬನೂ ಹೊರಗೆ ಬರುವಂತಿಲ್ಲ. ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದರೂ ಗೇಟಿನಲ್ಲಿ ನಿಂತುಬಿಡುತ್ತದೆ. ತಪ್ಪು ಮನುಷ್ಯನನ್ನು ಬಿಟ್ಟರೆ ಬಿಟ್ಟವರ ನೌಕರಿ ಹೋಗುತ್ತದೆ.

ಹೊಸಬ ಬಂದಾಗ ಆಗುವುದು ಹೀಗೆ. ದೊಡ್ಡ ಬಾಗಿಲು ಎರಡು. ಒಂದು ಹಾಕಿದ ಮೇಲೆಯೇ ಇನ್ನೊಂದು ತೆಗೆಯುವುದು. ಅವೆರಡರ ನಡುವೆ ವಾರಂಟ್ ನೋಡುತ್ತಾರೆ, ಮೈ ತಡವಿ ಪರೀಕ್ಷೆ ಮಾಡುತ್ತಾರೆ, ಮೈಮೇಲಿನ ಮಚ್ಚೆ, ಗಾಯದ ಗುರುತು ಬರೆದುಕೊಳ್ಳುತ್ತಾರೆ. ದುಡ್ಡು, ವಾಚು, ಉಂಗುರ ರಿಜಿಸ್ಟರಿಗೆ ಹೋಗುತ್ತವೆ. ವೈದ್ಯರು ನೋಡಬೇಕು. ಠಾಣೆಯಲ್ಲಿ ಬಿದ್ದ ಏಟು ಜೈಲಿನ ತಲೆಗೆ ಬರಬಾರದಲ್ಲ, ಈ ಪರೀಕ್ಷೆ ಜೈಲಿನವರಿಗೂ ಬೇಕು. ಕೊನೆಗೆ ಒಂದು ನಂಬರು. ಹೆಸರಾಂತರು ಒಳಗೆ ಹೋದ ದಿನ ಟಿವಿಯವರು ಓಡಿಸುವ 'ಕೈದಿ ನಂಬರ್ ಇಷ್ಟು' ಎಂಬುದು ಇದೇ. ಹೆಚ್ಚಿನ ಸಲ ಅದು ವಿಚಾರಣಾಧೀನ ಕೈದಿಯ ನಂಬರು. ಶಿಕ್ಷೆಯಾದರೆ ನಂಬರೂ ಬದಲಾಗುತ್ತದೆ, ಬಟ್ಟೆಯೂ ಬದಲಾಗುತ್ತದೆ. ವಿಚಾರಣಾಧೀನರು ಮನೆಯ ಬಟ್ಟೆಯನ್ನೇ ಹಾಕಿಕೊಳ್ಳಬಹುದು. ಬಿಳಿ ಬಟ್ಟೆ, ಟೋಪಿ ಸಜಾ ಕೈದಿಗಳದ್ದು. ಸಿನಿಮಾದವರು ಇದನ್ನು ಗಮನಿಸುವುದೇ ಇಲ್ಲ, ಎಲ್ಲರಿಗೂ ಬಿಳಿ ತೊಡಿಸಿಬಿಡುತ್ತಾರೆ.

ಎಣಿಸುವುದೇ ಕೆಲಸ

ಜೈಲಿನ ದಿನ ಎಣಿಕೆಯಿಂದ ಶುರುವಾಗಿ ಎಣಿಕೆಯಲ್ಲಿ ಮುಗಿಯುತ್ತದೆ. ಬೆಳಿಗ್ಗೆ ಬ್ಯಾರಕ್ಕಿನ ಬೀಗ ತೆಗೆಯುವ ಮುಂಚೆ ಎಣಿಸಬೇಕು. ಸಂಜೆ ಕತ್ತಲಾಗುವ ಹೊತ್ತಿಗೆ ಒಳಗೆ ಹಾಕಿ ಮತ್ತೆ ಎಣಿಸಬೇಕು. ಪ್ರತಿ ಬ್ಯಾರಕ್ಕಿನ ಲೆಕ್ಕ ಕೂಡಿಸಿ, ಆಸ್ಪತ್ರೆಗೆ ಹೋದವರು, ಕೋರ್ಟಿಗೆ ಹೋದವರು, ಪೆರೋಲ್ ಮೇಲೆ ಊರಿಗೆ ಹೋದವರನ್ನು ಸೇರಿಸಿದರೆ ರಿಜಿಸ್ಟರಿನ ಸಂಖ್ಯೆ ಬರಬೇಕು. ಒಂದು ಕಡಿಮೆ ಬಂದರೆ ಯಾರಿಗೂ ಊಟವಿಲ್ಲ, ನಿದ್ದೆಯಿಲ್ಲ, ಮತ್ತೆ ಮೊದಲಿಂದ.

ನಡುವಿನ ಹೊತ್ತು ಎಲ್ಲರಿಗೂ ಒಂದೇ ಅಲ್ಲ. ಕಠಿಣ ಶಿಕ್ಷೆಯಾದವರು ಕೆಲಸ ಮಾಡಲೇಬೇಕು, ಅದಕ್ಕೆ ಕೂಲಿ ಇದೆ. ಸಾದಾ ಶಿಕ್ಷೆಯವರು ಇಷ್ಟವಿದ್ದರೆ ಮಾಡಬಹುದು. ವಿಚಾರಣಾಧೀನರನ್ನು ಕೆಲಸಕ್ಕೆ ಹಚ್ಚುವಂತಿಲ್ಲ, ಯಾಕೆಂದರೆ ಅವರು ತಪ್ಪಿತಸ್ಥರೆಂದು ಇನ್ನೂ ಯಾರೂ ಹೇಳಿಲ್ಲ. ಕೇಳಲು ನ್ಯಾಯವಾಗಿದೆ. ಆದರೆ ಬ್ಯಾರಕ್ಕಿನಲ್ಲಿ ಇದರ ಅರ್ಥ, ಬೆಳಗಿನಿಂದ ಸಂಜೆಯವರೆಗೆ ಸುಮ್ನೆ ಕೂತಿರುವುದು. ವರ್ಷಗಟ್ಟಲೆ.

ಇದನ್ನೆಲ್ಲ ನಡೆಸುವವರು ಯಾರು? ಇಲಾಖೆಯ ತಲೆಯಲ್ಲಿ ಸಾಮಾನ್ಯವಾಗಿ ಒಬ್ಬ ಹಿರಿಯ ಐಪಿಎಸ್ ಅಧಿಕಾರಿ. ಜೈಲಿಗೊಬ್ಬ ಅಧೀಕ್ಷಕ. ಅವರ ಕೆಳಗೆ ಜೈಲರ್, ಸಹಾಯಕ ಜೈಲರ್, ಮುಖ್ಯ ವೀಕ್ಷಕ, ವೀಕ್ಷಕ. ಜನ 'ವಾರ್ಡರ್' ಅನ್ನುವುದು ಈ ಕೊನೆಯವರನ್ನೇ. ದಿನವಿಡೀ ಕೈದಿಗಳ ಮಧ್ಯೆ ಓಡಾಡುವವರು ಇವರು. ಆರು ಕೈದಿಗಳಿಗೆ ಒಬ್ಬ ಕಾವಲು ಸಿಬ್ಬಂದಿ ಇರಬೇಕು ಎಂದು ಮಾದರಿ ಕೈಪಿಡಿ ಹೇಳುತ್ತದೆ. ಮೂರು ಪಾಳಿ, ವಾರದ ರಜೆ, ಕಾಯಿಲೆ ಕಸಾಲೆ ಎಲ್ಲ ಕಳೆದು ನೋಡಿ. ಮೇಲಾಗಿ ದೇಶದಲ್ಲಿ ಮಂಜೂರಾದ ಹುದ್ದೆಗಳಲ್ಲಿ ನೂರಕ್ಕೆ ಸುಮಾರು ಮೂವತ್ತು ಖಾಲಿ. ಹಾಗಾಗಿ ರಾತ್ರಿ ಪಾಳಿಯಲ್ಲಿ ನೂರಾರು ಜನರ ಬ್ಯಾರಕ್ಕುಗಳ ಸಾಲನ್ನು ಒಬ್ಬರೋ ಇಬ್ಬರೋ ಕಾಯುವುದು ಸುದ್ದಿಯೇ ಅಲ್ಲ. ಆ ತೂತನ್ನು ತುಂಬಲು ಬ್ರಿಟಿಷರ ಕಾಲದಲ್ಲೇ ಒಂದು ಉಪಾಯ ಕಂಡುಕೊಂಡಿದ್ದರು. ಹಳೆಯ, ನಂಬಿಕಸ್ತ ಸಜಾ ಕೈದಿಗಳಿಗೇ ಸಣ್ಣ ಅಧಿಕಾರ ಕೊಟ್ಟು ಉಳಿದವರ ಮೇಲೆ ಬಿಡುವುದು. ಒಳಗೆ ಯಾರಿಗೆ ಫೋನು ಸಿಗುತ್ತದೆ, ಯಾರಿಗೆ ಫ್ಯಾನಿನ ಕೆಳಗೆ ಜಾಗ ಸಿಗುತ್ತದೆ ಎಂಬ ಸುದ್ದಿಗಳ ಬೇರು ಈ ಸಿಬ್ಬಂದಿ ಕೊರತೆಯಲ್ಲೂ ಇದೆ ಎಂದು ನನಗನ್ನಿಸುತ್ತದೆ. ಬರೀ ಲಂಚದ ಕಥೆಯಲ್ಲ ಅದು.

ಕೆಲವು ಕೆಲಸ ಜೈಲಿನವರದ್ದೇ ಅಲ್ಲ. ಕೈದಿಯನ್ನು ಕೋರ್ಟಿಗೆ ಕರೆದೊಯ್ಯುವವರು ಪೊಲೀಸರು, ನಮ್ಮಲ್ಲಿ ಮೀಸಲು ಪಡೆಯವರು. ಜಾತ್ರೆ, ಚುನಾವಣೆ, ಮಂತ್ರಿಗಳ ಬಂದೋಬಸ್ತ್ ಬಂದರೆ ವ್ಯಾನೂ ಇಲ್ಲ, ಪೇದೆಯೂ ಇಲ್ಲ, ಕೇಸು ಮುಂದಕ್ಕೆ. ವಿಡಿಯೊ ಕಾನ್ಫರೆನ್ಸ್ ಬಂದ ಮೇಲೆ ಇದು ಸ್ವಲ್ಪ ತಗ್ಗಿದೆ. ಪರಪ್ಪನ ಅಗ್ರಹಾರದ ಕಾವಲಿಗೆ ರಾಜ್ಯದ ಕೈಗಾರಿಕಾ ಭದ್ರತಾ ಪಡೆಯವರೂ ಇದ್ದಾರೆ. ದೆಹಲಿಯ ಕಥೆ ಇನ್ನೂ ಚೆನ್ನ. ತಿಹಾರ್, ಮಂಡೋಲಿ, ರೋಹಿಣಿ ಸೇರಿ ಅಲ್ಲಿ ಹದಿನಾರು ಜೈಲುಗಳು. ಕಾವಲಿಗೆ ನಿಂತವರಲ್ಲಿ ತಮಿಳುನಾಡು ವಿಶೇಷ ಪೊಲೀಸ್ ಪಡೆಯವರಿದ್ದಾರೆ! ಭಾಷೆ ಬಾರದವನ ಜೊತೆ ಕೈದಿಗೆ ಸಲುಗೆ ಬೆಳೆಯುವುದು ಕಷ್ಟ ಅಲ್ವಾ.

ಇನ್ನು ಅಧಿಕಾರಿಗಳ ತರಬೇತಿ. ದಕ್ಷಿಣದ ರಾಜ್ಯಗಳೆಲ್ಲ ಸೇರಿ ವೆಲ್ಲೂರಿನಲ್ಲಿ ಒಂದು ಅಕಾಡೆಮಿ ನಡೆಸುತ್ತವೆ. ರಾಜ್ಯಗಳು ತಾವಾಗಿ ಕೈಜೋಡಿಸಿದ ಅಪರೂಪದ ಜಾಗ ಅದು.

ಯಾರಿಗೆ ಕಟ್ಟಿದ್ದು, ಯಾರು ಇರುವುದು

ಈಗ ಮುಖ್ಯ ಮಾತಿಗೆ ಬರೋಣ. ಸೆಂಟ್ರಲ್ ಜೈಲು, ಕೆಲಸದ ಶೆಡ್ಡು, ಕೂಲಿ, ಮಾಫಿ, ಪೆರೋಲ್, ಬಯಲು ಬಂದೀಖಾನೆ ಎಂದು ಇಷ್ಟು ಹೊತ್ತು ಹೇಳಿದ ಮತ್ತು ಇನ್ನು ಹೇಳುವ ಬಹುಪಾಲು ಏರ್ಪಾಡು ಇರುವುದು ಶಿಕ್ಷೆಯಾದವರಿಗಾಗಿ. ಒಳಗಿರುವವರು ಯಾರು ನೋಡಿ.

2022ರ ಡಿಸೆಂಬರ್ 31ರಂದು ದೇಶದ ಜೈಲುಗಳಲ್ಲಿ ಒಟ್ಟು ಜಾಗ 4,36,266 ಜನಕ್ಕೆ. ಇದ್ದವರು 5,73,220. ನೂರು ಜನರ ಜಾಗದಲ್ಲಿ 131 ಜನ. ಅವರಲ್ಲಿ ವಿಚಾರಣಾಧೀನರು 4,34,302, ಅಂದರೆ ನಾಲ್ವರಲ್ಲಿ ಮೂವರು. ಈ ಸಂಖ್ಯೆಗಳನ್ನು ಇನ್ನೊಮ್ಮೆ ಓದಿ. ಇನ್ನೂ ತೀರ್ಪು ಬಾರದವರೇ ದೇಶದ ಎಲ್ಲ ಜೈಲುಗಳ ಎಲ್ಲ ಜಾಗವನ್ನೂ ಹೆಚ್ಚುಕಡಿಮೆ ತುಂಬಿಬಿಡುತ್ತಾರೆ. ಶಿಕ್ಷೆಯಾದ 1,33,415 ಜನ, ಯಾರಿಗಾಗಿ ಈ ಮನೆ ಕಟ್ಟಿದ್ದೋ ಅವರು, ಈಗ ಅಲ್ಲಿ ಹೆಚ್ಚುವರಿ ನೆಂಟರು.

ಹೊಸ ಜೈಲು ಕಟ್ಟಿದರೆ ಸರಿಹೋಗುತ್ತದೆ ಅನ್ನುವವರಿದ್ದಾರೆ. ನನಗೆ ಅದರಲ್ಲಿ ನಂಬಿಕೆ ಕಡಿಮೆ. ಬಸ್ ಸ್ಟ್ಯಾಂಡ್ ತುಂಬಿದೆ ಎಂದು ಸ್ಟ್ಯಾಂಡ್ ದೊಡ್ಡದು ಮಾಡಿದ ಹಾಗೆ ಅದು. ಬಸ್ಸು ಬರಬೇಕಲ್ಲ.

ಇದು ಇವತ್ತಿನ ಕಾಯಿಲೆಯಲ್ಲ. ಬೆಂಗಳೂರು ಸೆಂಟ್ರಲ್ ಜೈಲಿನ ಕೈದಿಯೊಬ್ಬರು ಒಳಗಿನ ಪರಿಸ್ಥಿತಿ ಬಗ್ಗೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಕಾಗದ ಬರೆದರು. ಅದನ್ನೇ ಅರ್ಜಿ ಎಂದು ತೆಗೆದುಕೊಂಡ ಕೋರ್ಟು, ಜಿಲ್ಲಾ ನ್ಯಾಯಾಧೀಶರನ್ನು ಕಳಿಸಿ ವರದಿ ತರಿಸಿಕೊಂಡಿತು. ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಆ ಕೇಸಿನ ತೀರ್ಪು ಬಂದದ್ದು 1996ರ ಡಿಸೆಂಬರಿನಲ್ಲಿ. ದೇಶದ ಜೈಲುಗಳ ಒಂಬತ್ತು ದೊಡ್ಡ ಸಮಸ್ಯೆಗಳನ್ನು ಅದು ಪಟ್ಟಿ ಮಾಡಿತು. ಮೊದಲನೆಯದು ಕಿಕ್ಕಿರಿದ ಜನ, ಎರಡನೆಯದು ವಿಚಾರಣೆಯ ವಿಳಂಬ. ಒಂದು ಅಂಚೆ ಕವರಿನಿಂದ ಹೊರಟದ್ದು ಇವತ್ತಿಗೂ ವಕೀಲರು ಎತ್ತಿ ಹೇಳುವ ತೀರ್ಪಾಯಿತು. ಪಟ್ಟಿಯ ಮೊದಲ ಎರಡು ಸಾಲು ಮಾತ್ರ ಹಾಗೇ ಉಳಿದವು.

ಆ ಪಟ್ಟಿಯ ಕೊನೆಯ ಸಾಲು ಬಯಲು ಬಂದೀಖಾನೆ. ಸನ್ನಡತೆಯ ಸಜಾ ಕೈದಿಗಳನ್ನು ಗೋಡೆಯಿಲ್ಲದ ಜಾಗದಲ್ಲಿ, ಹೆಚ್ಚಾಗಿ ಹೊಲದಲ್ಲಿ, ದುಡಿದುಕೊಂಡು ಇರಲು ಬಿಡುವುದು. ನಮ್ಮಲ್ಲಿ ದೇವನಹಳ್ಳಿ ಹತ್ತಿರ ಒಂದಿದೆ. ಎಲ್ಲರೂ ನೋಡಲು ಹೋಗುವುದು ಮಾತ್ರ ಜೈಪುರದ ಪಕ್ಕದ ಸಾಂಗಾನೇರಿಗೆ. 1963ರಲ್ಲಿ ಶುರುವಾದದ್ದು. ಅಲ್ಲಿ ಕೈದಿಗಳು ಹೆಂಡತಿ ಮಕ್ಕಳ ಜೊತೆ ಸಂಸಾರ ಮಾಡುತ್ತಾರೆ. ಬೆಳಿಗ್ಗೆ ಎದ್ದು ಊರೊಳಗೆ ಕೆಲಸಕ್ಕೆ ಹೋಗುತ್ತಾರೆ, ತಮ್ಮ ಅನ್ನ ತಾವೇ ದುಡಿಯುತ್ತಾರೆ. ಹಾಜರಿಯ ಹೊತ್ತಿಗೆ ತಾವೇ ವಾಪಸು ಬರುತ್ತಾರೆ. ದಿನದ ವ್ಯವಹಾರ ನೋಡಿಕೊಳ್ಳಲು ಕೈದಿಗಳದ್ದೇ ಪಂಚಾಯ್ತಿ. ಅವರಲ್ಲಿ ಕೊಲೆ ಕೇಸಿನ ಜೀವಾವಧಿಯವರೂ ಇದ್ದಾರೆ. ಗೋಡೆ, ಗೋಪುರ, ಎರಡು ಬಾಗಿಲು ಯಾವುದೂ ಇಲ್ಲದೆ ಉಳಿದದ್ದು ಹಾಜರಿ ಒಂದೇ. ಖರ್ಚೂ ಕಡಿಮೆ, ಸಿಬ್ಬಂದಿಯೂ ಕಡಿಮೆ.

2022ರಲ್ಲಿ ದೇಶದಲ್ಲಿ ಇಂಥವು 91 ಇದ್ದವು. ಮುಚ್ಚಿದ ಜೈಲುಗಳು ತುಂಬಿ ತುಳುಕುತ್ತಿದ್ದರೂ ಬಯಲು ಬಂದೀಖಾನೆಗಳಲ್ಲಿ ಜಾಗ ಉಳಿಯುತ್ತದೆ. ಯಾಕೆಂದರೆ ಅಲ್ಲಿಗೆ ಹೋಗಲು ಮೊದಲು ಶಿಕ್ಷೆಯಾಗಿರಬೇಕು. ಕೊಲೆ ಸಾಬೀತಾದವನು ಬಯಲಲ್ಲಿ ಹೊಲ ಉಳಬಹುದು, ಮೊಬೈಲ್ ಕದ್ದ ಆರೋಪದವನು ಬೀಗದ ಹಿಂದೆ ಕಾಯಬೇಕು.

ಹೊರಗೆ ಬರುವ ಕಾಗದ

ಕಾಯುವವರಲ್ಲಿ ಜಾಮೀನು ಸಿಕ್ಕವರೂ ಇದ್ದಾರೆ ಅಂದರೆ ನಂಬುತ್ತೀರಾ? ಕೋರ್ಟು ಜಾಮೀನು ಕೊಡುತ್ತದೆ, ಜೊತೆಗೆ ಜಾಮೀನುದಾರರನ್ನು ತರಬೇಕು ಎನ್ನುತ್ತದೆ. ಜಾಮೀನುದಾರನ ಪಹಣಿಯೋ ಆಸ್ತಿ ಪತ್ರವೋ ಬೇಕು. ಬಿಹಾರದಿಂದಲೋ ಒಡಿಶಾದಿಂದಲೋ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದವನಿಗೆ ಇಲ್ಲಿ ಪಹಣಿ ಇಡುವವರು ಯಾರು? ಆದೇಶ ಫೈಲಿನಲ್ಲಿ, ಮನುಷ್ಯ ಬ್ಯಾರಕ್ಕಿನಲ್ಲಿ. ಇಂಥವರಿಗಾಗಿ ಕೇಂದ್ರ 2023ರಲ್ಲಿ ಒಂದು ಯೋಜನೆ ತಂದಿತು. ಶುರುವಿನ ನಿಯಮದಲ್ಲಿ ಜಾಮೀನಿನ ದುಡ್ಡಿಗೆ ಒಂದು ಕೇಸಿಗೆ 40,000 ರೂಪಾಯಿವರೆಗೆ, ದಂಡ ಕಟ್ಟಲಾಗದ ಸಜಾ ಕೈದಿಗೆ 25,000 ರೂಪಾಯಿವರೆಗೆ ಎಂದಿತ್ತು.

ಆದೇಶ ಜೈಲು ಮುಟ್ಟುವುದೂ ಒಂದು ಪಯಣ. ಮುಂಬೈಯ ಆರ್ಥರ್ ರಸ್ತೆ ಜೈಲಿನ ಹೊರಗೆ ಜಾಮೀನು ಆದೇಶ ಹಾಕಲೆಂದೇ ಒಂದು ಪೆಟ್ಟಿಗೆ ಇದೆ. ಸಂಜೆ ಪೆಟ್ಟಿಗೆ ತೆಗೆದ ಮೇಲೆ ಆದೇಶ ಬಂದರೆ ಇನ್ನೊಂದು ರಾತ್ರಿ ಒಳಗೇ. ಆಗ್ರಾದಲ್ಲಿ ಸುಪ್ರೀಂ ಕೋರ್ಟಿನ ಆದೇಶವಾಗಿದ್ದರೂ ಕಾಗದ ತಲುಪದೆ ಕೈದಿಗಳು ದಿನಗಟ್ಟಲೆ ಒಳಗಿದ್ದರು. ಈ ಸುದ್ದಿ 2021ರಲ್ಲಿ ಕೋರ್ಟಿನ ಕಣ್ಣಿಗೆ ಬಿತ್ತು. ಮರುವರ್ಷ ಆದೇಶಗಳನ್ನು ಕಂಪ್ಯೂಟರ್ ಮೂಲಕ ನೇರವಾಗಿ ಜೈಲಿಗೆ ಕಳಿಸುವ 'ಫಾಸ್ಟರ್' ವ್ಯವಸ್ಥೆ ಬಂತು.

ಈಚಿನ ದೊಡ್ಡ ಬದಲಾವಣೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ. ಕ್ರಿಮಿನಲ್ ಕೇಸು ಹೇಗೆ ನಡೆಸಬೇಕೆಂದು ಹೇಳುವ ಈ ಸಂಹಿತೆ ಜಾರಿಯಾದದ್ದು 2024ರ ಜುಲೈ 1ಕ್ಕೆ. ಅದರ ಪ್ರಕಾರ, ಮೊದಲ ಸಲ ಕೇಸಿಗೆ ಸಿಕ್ಕಿದವರು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಾಂಡ್ ಬರೆಸಿಕೊಂಡು ಬಿಡಬೇಕು. ಉಳಿದವರಿಗೆ ಅರ್ಧ. ಗಲ್ಲು ಅಥವಾ ಜೀವಾವಧಿ ಆಗಬಹುದಾದ ಕೇಸುಗಳಿಗೆ ಇದು ಇಲ್ಲ, ಒಂದಕ್ಕಿಂತ ಜಾಸ್ತಿ ಕೇಸು ಬಾಕಿ ಇದ್ದವರಿಗೂ ಇಲ್ಲ. ಹಳೆಯ ಕೇಸುಗಳಿಗೂ ಇದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟು ಅದೇ ಆಗಸ್ಟ್‌ನಲ್ಲಿ ಹೇಳಿತು. ನನಗೆ ಇದರಲ್ಲಿ ಹಿಡಿಸಿದ್ದು ಒಂದು ಸಣ್ಣ ಅಂಶ. ದಿನ ತುಂಬಿದ ಕೂಡಲೇ ಕೋರ್ಟಿಗೆ ಅರ್ಜಿ ಬರೆಯಬೇಕಾದವರು ಜೈಲು ಅಧೀಕ್ಷಕರು. ಇಷ್ಟು ವರ್ಷ ತಲೆ ಎಣಿಸುತ್ತಿದ್ದವರು ಈಗ ದಿನವನ್ನೂ ಎಣಿಸಬೇಕು.

ಇದನ್ನು ನೋಡಿಕೊಳ್ಳಲು ಪ್ರತಿ ಜಿಲ್ಲೆಯಲ್ಲೂ ಒಂದು ಪರಿಶೀಲನಾ ಸಮಿತಿ ಇದೆ. ಜಿಲ್ಲಾ ನ್ಯಾಯಾಧೀಶರು, ಡಿಸಿ, ಎಸ್ಪಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿ, ಜೈಲು ಅಧೀಕ್ಷಕರು ಅದರಲ್ಲಿರುತ್ತಾರೆ. ಆದರೆ ಸಾವಿರಾರು ಹೆಸರಿನ ಪಟ್ಟಿಯಲ್ಲಿ ಒಂದು ಹೆಸರು ತಪ್ಪಿಹೋಗುವುದು ಸುಲಭ.

ಹಾಗಾಗಿ ನಿಮ್ಮ ಕಡೆಯವರು ಯಾರಾದರೂ ಒಳಗಿದ್ದರೆ ಮುಲಾಖತ್‌ಗೆ ಹೋದಾಗ ಬಿಸ್ಕತ್ತಿನ ಜೊತೆ ಒಂದು ಪೆನ್ನೂ ಇರಲಿ. ಕೈದಿ ನಂಬರು, ಕ್ರೈಮ್ ನಂಬರು, ಠಾಣೆ, ಯಾವ ಕೋರ್ಟು, ಯಾವ ಕಲಂ, ಒಳಗೆ ಹೋದ ತಾರೀಖು, ಇಷ್ಟನ್ನು ಬರೆದುಕೊಳ್ಳಿ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ. ಅಷ್ಟು ದೂರ ಹೋಗಲು ಆಗದಿದ್ದರೆ 15100ಕ್ಕೆ ಫೋನ್ ಮಾಡಿ, ಆ ಕರೆಗೆ ದುಡ್ಡಿಲ್ಲ.